ಪೊಲೀಸರು ಮರೆಯಲ್ಲಿ ನಿಂತು ವೇಗ ಅಳೆದರೆ ಅದು ಸ್ಪೀಡ್ ಟ್ರ್ಯಾಪ್ ಆಗುತ್ತದೆಯೇ?

ಬಯಲುಸೀಮೆಯವರು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಒಂದು ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ ಮನೆಯವರೊಂದಿಗೆ ಕಾರಿನಲ್ಲಿ ಬರುತ್ತಿದ್ದಾಗ ವೇಗಮಿತಿ ಮೀರಿದ್ದೇನೆಂದು ನನಗೆ ನೋಟಿಸ್ ಬಂದಿದೆ. ಅದರಲ್ಲಿ ನನ್ನ ಕಾರಿನ ವೇಗ ಗಂಟೆಗೆ 92 ಕಿ.ಮೀ., ಆ ಜಾಗದ ಮಿತಿ 80 ಕಿ.ಮೀ. ಎಂದು ನಮೂದಾಗಿದ್ದು, 1,000 ರೂಪಾಯಿ ದಂಡ ಕಟ್ಟಬೇಕೆಂದಿದೆ. ವೇಗದ ಅಂಕಿಯ ಬಗ್ಗೆ ನನ್ನ ತಕರಾರಿಲ್ಲ. ಆ ಹೆದ್ದಾರಿಯಲ್ಲಿ ಕಾರುಗಳಿಗೆ 100 ಎಂಬ ಫಲಕಗಳನ್ನು ನೋಡಿಕೊಂಡೇ ಬಂದಿದ್ದರಿಂದ, ದಾರಿಯುದ್ದಕ್ಕೂ 90ರ ಆಸುಪಾಸಿನಲ್ಲಿ ಓಡಿಸಿದ್ದೆ.

ನೋಟಿಸ್ ಕೈಸೇರಿದ ಮೇಲೆ ಆ ಜಾಗಕ್ಕೆ ಹೋಗಿ ನೋಡಿ ಬಂದೆ. ಮೇಲ್ಸೇತುವೆ ಇಳಿದು ಮುಗಿಯುವಲ್ಲಿ ಎಡಬದಿಗೆ 80 ಎಂಬ ದುಂಡು ಫಲಕವೇನೋ ಇದೆ. ಆದರೆ ಪಕ್ಕದ ಹೊಂಗೆಮರದ ಕೊಂಬೆಯೊಂದು ಬಾಗಿ ಅದರ ಮುಕ್ಕಾಲು ಭಾಗವನ್ನು ಮುಚ್ಚಿದೆ. ಎಡ ಪಥದಲ್ಲಿ ನಿಧಾನವಾಗಿ ಬಂದರೆ ಕೆಂಪು ಉಂಗುರದ ಕೆಳಅಂಚು ಮತ್ತು ಅಂಕಿಗಳ ತಳಭಾಗ ಕಾಣುತ್ತದೆ. ಬಲ ಪಥದಲ್ಲಿದ್ದು ಎಡಕ್ಕೊಂದು ಲಾರಿ ಬಂದರೆ ಅದೂ ಕಾಣುವುದಿಲ್ಲ. ಅಲ್ಲಿಂದ ಸ್ವಲ್ಪ ಮುಂದೆ, ಸರ್ವಿಸ್ ರಸ್ತೆ ಬಂದು ಕೂಡುವಲ್ಲಿ, ಜಾಹೀರಾತು ಹೋರ್ಡಿಂಗಿನ ಕಂಬದ ಮರೆಯಲ್ಲಿ ಆ ದಿನವೂ ಇಂಟರ್‌ಸೆಪ್ಟರ್ (ವೇಗ ಅಳೆಯುವ ಪೊಲೀಸ್ ವಾಹನ) ನಿಂತಿತ್ತು. ವೇಗ ತಪಾಸಣೆ ನಡೆಯುತ್ತದೆ ಎಂದು ತಿಳಿಸುವ ಫಲಕ ಅದಕ್ಕೂ ಹಿಂದೆ ಎಲ್ಲಿಯೂ ಇರಲಿಲ್ಲ.

ಸ್ನೇಹಿತರಲ್ಲಿ ಕೆಲವರು, ಪೊಲೀಸರು ಅಡಗಿ ನಿಂತು ಕೇಸ್ ಹಾಕಿದರೆ ಅದು ಸ್ಪೀಡ್ ಟ್ರ್ಯಾಪ್, ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ. ಇನ್ನು ಕೆಲವರು, ಮಿತಿ ಮೀರಿದ ಮೇಲೆ ಪೊಲೀಸರು ಎಲ್ಲಿ ನಿಂತಿದ್ದರೇನು, ದಂಡ ಕಟ್ಟಿ ಸುಮ್ಮನಾಗಿ ಎನ್ನುತ್ತಾರೆ. ನನಗೆ ತಿಳಿಯಬೇಕಾದುದು ಇಷ್ಟು: ಯಾವುದನ್ನು ನ್ಯಾಯವಾದ ತಪಾಸಣೆ ಎನ್ನಬೇಕು, ಯಾವುದನ್ನು ಚಾಲಕರನ್ನು ಸಿಕ್ಕಿಸುವ ಏರ್ಪಾಡು ಎನ್ನಬೇಕು? ಈ ಎರಡರ ನಡುವೆ ಕಾನೂನು ಎಲ್ಲಾದರೂ ಗೆರೆ ಎಳೆದಿದೆಯೇ?


ತಾಲ್ಲೂಕು ವಕೀಲರು:

ಮೋಟಾರು ವಾಹನಗಳ ಕಾಯ್ದೆ, 1988ರಲ್ಲಿ ಸ್ಪೀಡ್ ಟ್ರ್ಯಾಪ್ ಎಂಬುದಕ್ಕೆ ವ್ಯಾಖ್ಯಾನವಿಲ್ಲ. ಪೊಲೀಸರು ಎಲ್ಲರ ಕಣ್ಣಿಗೆ ಬೀಳುವ ಹಾಗೆಯೇ ನಿಲ್ಲಬೇಕೆಂದು ಅದರ ಯಾವ ಕಲಮೂ ಹೇಳುವುದಿಲ್ಲ. ಆದ್ದರಿಂದ ಅವರು ಕಂಬದ ಮರೆಯಲ್ಲಿದ್ದರು ಎಂಬ ಒಂದೇ ಕಾರಣಕ್ಕೆ ಪ್ರಕರಣ ಬಿದ್ದುಹೋಗುವುದಿಲ್ಲ. ಹಾಗೆಂದು ನಿಮ್ಮ ಎರಡನೆಯ ಗುಂಪಿನ ಸ್ನೇಹಿತರ ಮಾತನ್ನೂ ಒಪ್ಪಲಾಗದು. ಪೊಲೀಸರು ಎಲ್ಲಿ ನಿಂತರು ಎಂಬುದನ್ನು ಕೇಳದ ಕಾನೂನು, ಆ ಮಿತಿಯನ್ನು ಯಾರು ಗೊತ್ತುಪಡಿಸಿದರು, ಚಾಲಕನಿಗೆ ಹೇಗೆ ತಿಳಿಸಿದರು, ವೇಗವನ್ನು ಯಾವುದರಿಂದ ಅಳೆದರು ಎಂಬುದನ್ನು ಬಹಳ ಗಟ್ಟಿಯಾಗಿ ಕೇಳುತ್ತದೆ.

ಕಲಂ 112ನ್ನು ನೋಡಿ. ವಾಹನದ ವರ್ಗಕ್ಕೆ ತಕ್ಕಂತೆ ಗರಿಷ್ಠ ವೇಗವನ್ನು ಕೇಂದ್ರ ಸರ್ಕಾರ ಗೊತ್ತುಪಡಿಸುತ್ತದೆ. 2018ರ ಏಪ್ರಿಲ್‌ನ ಅಧಿಸೂಚನೆಯಲ್ಲಿ ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಗಳಲ್ಲಿ ಕಾರುಗಳಿಗೆ 100 ಕಿ.ಮೀ. ಎಂದಿತ್ತು. ರಸ್ತೆಯ ಅಥವಾ ಸೇತುವೆಯ ಸ್ಥಿತಿಯಿಂದಾಗಲಿ, ಸಾರ್ವಜನಿಕರ ಸುರಕ್ಷತೆಗಾಗಲಿ ಒಂದು ಜಾಗದಲ್ಲಿ ಅದಕ್ಕಿಂತ ಕಡಿಮೆ ಮಿತಿ ಬೇಕೆನಿಸಿದರೆ, ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರ ಅದನ್ನು ಗೊತ್ತುಪಡಿಸಬಹುದು. ಆದರೆ ಅದಕ್ಕೆ ಎರಡು ಕೆಲಸ ಆಗಬೇಕು: ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಬೇಕು, ಮತ್ತು ಕಲಂ 116ರ ಪ್ರಕಾರ ಸೂಕ್ತ ಜಾಗಗಳಲ್ಲಿ ಸಂಚಾರ ಫಲಕ ನೆಡಬೇಕು. ಒಂದು ತಿಂಗಳು ಮೀರದ ತಾತ್ಕಾಲಿಕ ನಿರ್ಬಂಧಕ್ಕೆ ಮಾತ್ರ ರಾಜ್ಯಪತ್ರದ ಅಧಿಸೂಚನೆಯಿಂದ ವಿನಾಯಿತಿಯಿದೆ. ನೀವು 100 ಮೀರಿ ಓಡಿಸಿದ್ದರೆ ಫಲಕದ ಮಾತೆತ್ತಿ ಪ್ರಯೋಜನವಿರಲಿಲ್ಲ, ಏಕೆಂದರೆ ಸಾಮಾನ್ಯ ಮಿತಿಯನ್ನು ಚಾಲಕ ತಿಳಿದಿರಲೇಬೇಕು. ನಿಮ್ಮ ವೇಗ ಅದರೊಳಗಿದ್ದು, ಆ ಜಾಗಕ್ಕೆಂದೇ ಇಳಿಸಿದ ಮಿತಿಯನ್ನು ಮಾತ್ರ ಮೀರಿದೆ. ಹಾಗಾಗಿ ಕೊಂಬೆ ಮುಚ್ಚಿದ ಆ ಫಲಕವೇ ನಿಮ್ಮ ಪ್ರಕರಣದ ಜೀವಾಳ.

ಇನ್ನು ದಂಡದ ಕಲಂ 183. ಅದರ ಮೂರನೆಯ ಉಪಕಲಮು ಬಹಳ ಜನರ ಗಮನಕ್ಕೆ ಬಂದಿಲ್ಲ. ಒಬ್ಬ ಸಾಕ್ಷಿಯ ಅಭಿಪ್ರಾಯದಲ್ಲಿ ವಾಹನ ಅತಿವೇಗದಲ್ಲಿತ್ತು ಎಂಬುದಷ್ಟೇ ಆಧಾರವಾದರೆ, ಆ ಅಭಿಪ್ರಾಯ ಯಾಂತ್ರಿಕ ಅಥವಾ ವಿದ್ಯುನ್ಮಾನ ಸಾಧನದಿಂದ ಪಡೆದ ಅಂದಾಜಿನ ಮೇಲೆ ನಿಂತಿದೆಯೆಂದು ತೋರಿಸದ ಹೊರತು ಶಿಕ್ಷೆ ವಿಧಿಸುವಂತಿಲ್ಲ. ರಸ್ತೆ ಬದಿಯಲ್ಲಿ ನಿಂತು ಕಣ್ಣಳತೆಯಲ್ಲಿ "ಜೋರಾಗಿ ಬಂದಿರಿ" ಎಂದು ಹೇಳಿ ಈ ಕಲಮಿನಡಿ ದಂಡ ಕೇಳುವುದಕ್ಕೆ ಕಾನೂನಿನ ಆಸರೆ ಇಲ್ಲ.

2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮ ಸೇರಿತು. ವೇಗದ ಕ್ಯಾಮೆರಾ, ಸ್ಪೀಡ್ ಗನ್, ನಂಬರ್ ಪ್ಲೇಟ್ ಓದುವ ಕ್ಯಾಮೆರಾ, ಪೊಲೀಸರ ಮೈಮೇಲಿನ ಕ್ಯಾಮೆರಾ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಸಾಧನಕ್ಕೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದ ಅನುಮೋದನೆ ಪತ್ರವಿರಬೇಕು, ಅದನ್ನು ವರ್ಷವರ್ಷವೂ ನವೀಕರಿಸಬೇಕು. ನಿಗಾ ಇರುವ ಭಾಗಕ್ಕಿಂತ ಮುಂಚೆಯೇ ಎದ್ದುಕಾಣುವ ಎಚ್ಚರಿಕೆ ಫಲಕ ಇರಬೇಕು. ಚಲನ್ ಜೊತೆಗೆ ವಾಹನದ ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಚಿತ್ರ, ಸಾಧನದ ಅಳತೆ, ದಿನಾಂಕ, ಸಮಯ, ಸ್ಥಳ, ಉಲ್ಲಂಘನೆಯಾದ ಕಲಂ ಹಾಗೂ ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರ ಇರಬೇಕು. ಆ ಪ್ರಮಾಣಪತ್ರ ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನಡಿ ಇರುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಅದರ ಸ್ಥಾನಕ್ಕೆ ಬಂದಿದೆ. ಉಲ್ಲಂಘನೆಯಾದ 15 ದಿನಗಳೊಳಗೆ ನೋಟಿಸ್ ಹೊರಡಬೇಕೆಂದೂ ಅದೇ ನಿಯಮ ಹೇಳುತ್ತದೆ.

ಮೇಲಾಗಿ ಕಾಯ್ದೆಯ ಕಲಂ 209 ಇದೆ. ಅತಿವೇಗ ಅಥವಾ ಅಪಾಯಕಾರಿ ಚಾಲನೆಗಾಗಿ ಶಿಕ್ಷೆಯಾಗಬೇಕಾದರೆ, ಚಾಲಕನಿಗೆ ಆ ಕ್ಷಣದಲ್ಲೇ ಎಚ್ಚರಿಕೆ ಕೊಟ್ಟಿರಬೇಕು, ಇಲ್ಲವೇ 14 ದಿನಗಳೊಳಗೆ ಅವನಿಗೆ ಅಥವಾ ವಾಹನದ ಮಾಲೀಕನಿಗೆ ನೋಟಿಸ್ ಕಳುಹಿಸಿರಬೇಕು, ಅದೂ ಇಲ್ಲವಾದರೆ 28 ದಿನಗಳೊಳಗೆ ಸಮನ್ಸ್ ಜಾರಿಯಾಗಿರಬೇಕು. ವಿಳಾಸ ಪತ್ತೆಯಾಗದೆ ತಡವಾಗಿದ್ದರೆ ವಿನಾಯಿತಿ ಇದೆ. ನಿಮ್ಮ ನೋಟಿಸಿನ ದಿನಾಂಕವನ್ನು ಮೊದಲು ನೋಡಿಕೊಳ್ಳಿ.

ನೀವು ಕೇಳಿದ ಗೆರೆಯ ಬಗ್ಗೆ ನನ್ನ ಅಭಿಪ್ರಾಯ ಇದು. ಪೊಲೀಸರು ಕಾಣದಿದ್ದರೆ ಅದು ಟ್ರ್ಯಾಪ್ ಅಲ್ಲ, ಮಿತಿಯೇ ಕಾಣದಿದ್ದರೆ ಅದು ಟ್ರ್ಯಾಪ್. ಎಚ್ಚರದಿಂದ, ಫಲಕಗಳನ್ನು ಓದಿಕೊಂಡು ಓಡಿಸುವವನೂ ಸಿಕ್ಕಿಬೀಳುವಂತೆ ಏರ್ಪಾಡು ಇದ್ದರೆ, ಅದನ್ನು ಕಾನೂನು ಪಾಲನೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.


ನಿವೃತ್ತ ಸಂಚಾರಿ:

ನಾನು ಪೊಲೀಸ್ ಇಲಾಖೆಯ ಸಂಚಾರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವಕೀಲರ ಮಾತಿನ ಹೆಚ್ಚಿನ ಭಾಗವನ್ನು ಒಪ್ಪುತ್ತೇನೆ. ಆದರೆ ಮರೆಯಲ್ಲಿ ನಿಲ್ಲುವುದು ಏಕೆ ಎಂಬುದನ್ನು ನಮ್ಮ ಕಡೆಯಿಂದ ಹೇಳಬೇಕಾಗಿದೆ, ಏಕೆಂದರೆ ಜನರಲ್ಲಿರುವ ಸಿಟ್ಟಿನ ಬಹುಪಾಲು ಅದರ ಮೇಲೆಯೇ.

ಇಂಟರ್‌ಸೆಪ್ಟರ್ ಅನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರೆ ವಾಹನಗಳು ಅದರ ಮುಂದೆ ಮಾತ್ರ ನಿಧಾನವಾಗುತ್ತವೆ. ದಾಟಿದ ಕೂಡಲೇ, ಕಳೆದುಹೋದ ಸಮಯವನ್ನು ಹಿಡಿಯಬೇಕೆಂಬಂತೆ, ಮೊದಲಿಗಿಂತ ಜೋರಾಗಿ ಹೋಗುವವರನ್ನು ನಾನು ದಿನವೂ ನೋಡಿದ್ದೇನೆ. ಅದಲ್ಲದೆ, ಕಂಡ ತಕ್ಷಣ ಗಾಬರಿಯಿಂದ ಬ್ರೇಕ್ ತುಳಿಯುವವರ ಹಿಂದೆ ಬರುವ ವಾಹನಗಳಿಗೆ ಅಪಾಯ. ಪೊಲೀಸರು ಎಲ್ಲಿ ಬೇಕಾದರೂ ಇರಬಹುದು ಎಂಬ ತಿಳಿವಳಿಕೆ ಇದ್ದಾಗ ಮಾತ್ರ ವೇಗ ಇಡೀ ದಾರಿಯಲ್ಲಿ ಹದಕ್ಕೆ ಬರುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳಿ. ಸುಮಾರು 118 ಕಿ.ಮೀ. ಉದ್ದದ ಆ ರಸ್ತೆ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆಯಾಯಿತು. ಅಗಲವಾದ, ನೇರವಾದ ರಸ್ತೆ ಸಿಕ್ಕಿದೊಡನೆ ಜನರು ವೇಗದ ಹಂಗು ತೊರೆದರು, ಸಾವುಗಳ ಸುದ್ದಿ ಒಂದರ ಹಿಂದೆ ಒಂದು ಬರತೊಡಗಿತು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಅವರು ರಸ್ತೆಯನ್ನು ಪರಿಶೀಲಿಸಿದರು, ಸ್ಪೀಡ್ ಗನ್‌ಗಳು ರಸ್ತೆಗಿಳಿದವು. ಆ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು, ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಬಂದವು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ಕಿ.ಮೀ. ಮೀರಿದವರ ಮೇಲೆ ದಂಡವಷ್ಟೇ ಅಲ್ಲದೆ ಎಫ್‌ಐಆರ್ ದಾಖಲಿಸುವುದಾಗಿಯೂ ಪ್ರಕಟಿಸಲಾಯಿತು. ಇದನ್ನೆಲ್ಲ ಮಾಡದೆ, ಕಾಣುವಂತೆ ಒಂದು ಜೀಪು ನಿಲ್ಲಿಸಿ ಕುಳಿತಿದ್ದರೆ ಆ ರಸ್ತೆ ಹತೋಟಿಗೆ ಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

80 ಮತ್ತು 100ರ ನಡುವಿನ ಅಂತರ ಸಣ್ಣದೆಂದು ಅನೇಕರು ತಿಳಿದಿದ್ದಾರೆ. ಎದುರಿಗೆ ಏನೋ ಅಡ್ಡ ಬಂದದ್ದನ್ನು ಗ್ರಹಿಸಿ ಬ್ರೇಕಿನ ಮೇಲೆ ಕಾಲಿಡುವುದಕ್ಕೆ ಒಂದೂವರೆ ಸೆಕೆಂಡು ಬೇಕೆಂದುಕೊಳ್ಳೋಣ. ಒಣಗಿದ ಒಳ್ಳೆಯ ರಸ್ತೆಯಲ್ಲಿ 80ರಲ್ಲಿ ಬರುವ ಕಾರು ಸುಮಾರು 70 ಮೀಟರಿನಲ್ಲಿ ನಿಲ್ಲುತ್ತದೆ. 100ರಲ್ಲಿ ಬರುವ ಕಾರಿಗೆ ಹತ್ತಿರ ಹತ್ತಿರ 100 ಮೀಟರ್ ಬೇಕು. ಮೊದಲನೆಯ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ 70 ಕಿ.ಮೀ. ವೇಗದಲ್ಲಿರುತ್ತದೆ. ಆ ಜಾಗದಲ್ಲಿ ರಸ್ತೆ ದಾಟುವ ಮುದುಕಿಯೋ ಶಾಲೆಯ ಮಗುವೋ ಇದ್ದರೆ ಏನಾಗುತ್ತದೆ ಎಂಬುದನ್ನು ನಾನು ಪಂಚನಾಮೆಗಳಲ್ಲಿ ಬರೆದಿದ್ದೇನೆ.

ಹಾಗಾದರೆ ನ್ಯಾಯವಲ್ಲದ ತಪಾಸಣೆ ಎಂಬುದೇ ಇಲ್ಲವೇ ಎಂದರೆ, ಇದೆ. ಜಾಗದ ಆಯ್ಕೆಯನ್ನು ನೋಡಿದರೆ ಅದು ತಿಳಿಯುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಮಾನದಂಡದಂತೆ, ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಭಾಗದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯಗಳಾದ 5 ಅಪಘಾತಗಳು ನಡೆದಿದ್ದರೆ, ಇಲ್ಲವೇ 10 ಸಾವುಗಳಾಗಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ಇಂಟರ್‌ಸೆಪ್ಟರ್ ಮೊದಲು ನಿಲ್ಲಬೇಕಾದದ್ದು ಅಂಥ ಕಡೆ. ಅಪಘಾತವೇ ಆಗದ, ಆದರೆ ಇಳಿಜಾರಿನಿಂದಾಗಿ ಎಲ್ಲ ವಾಹನಗಳೂ ತಾವಾಗಿ ವೇಗ ಪಡೆಯುವ ಜಾಗದಲ್ಲಿ ನಿಂತರೆ ಪ್ರಕರಣಗಳು ಸುಲಭವಾಗಿ ಸಿಗುತ್ತವೆ, ಜೀವ ಮಾತ್ರ ಉಳಿಯುವುದಿಲ್ಲ. ದಂಡದ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆಯೇ ಹೊರತು ಠಾಣೆಗಲ್ಲ. ಆದರೂ ಎಷ್ಟು ಪ್ರಕರಣ ದಾಖಲಿಸಿದಿರಿ ಎಂಬ ಪ್ರಶ್ನೆ ಮೇಲಿನಿಂದ ಬರುವಾಗ, ಎಷ್ಟು ಅಪಘಾತ ತಪ್ಪಿತು ಎಂಬ ಪ್ರಶ್ನೆ ಅದರ ಜೊತೆಗೇ ಬರಬೇಕು. ಬಯಲುಸೀಮೆಯವರೇ, ಸರ್ವಿಸ್ ರಸ್ತೆ ಬಂದು ಕೂಡುವ ಜಾಗ ಸಾಮಾನ್ಯವಾಗಿ ಅಪಾಯದ್ದೇ. ನೀವು ಹೇಳಿದಲ್ಲಿ 80 ಇರುವುದು ಸರಿಯೇ ಇರಬಹುದು. ಆದರೆ ತಪಾಸಣೆಗೆ ನಿಲ್ಲುವ ಮುನ್ನ ಫಲಕ ಕಾಣುತ್ತಿದೆಯೇ ಎಂದು ಒಮ್ಮೆ ಹಿಂದಕ್ಕೆ ನಡೆದು ನೋಡುವುದು ಅಲ್ಲಿನ ಅಧಿಕಾರಿಯ ಕೆಲಸವಾಗಿತ್ತು.


ಹಳದಿ ಬೋರ್ಡ್:

ನಾನು ಟ್ಯಾಕ್ಸಿ ಓಡಿಸುತ್ತೇನೆ. ನಮ್ಮ ಗಾಡಿಗಳಿಗೆ 80ಕ್ಕೆ ಸ್ಪೀಡ್ ಗವರ್ನರ್ ಇರುವುದರಿಂದ ಆರು ಪಥದ ಹೆದ್ದಾರಿಗಳಲ್ಲಿ ನಮಗೆ ಈ ತೊಂದರೆ ಕಡಿಮೆ. ನಾವು ಸಿಕ್ಕಿಬೀಳುವುದು ರಾಜ್ಯ ಹೆದ್ದಾರಿಗಳಲ್ಲಿ, ಊರುಗಳ ಅಂಚಿನಲ್ಲಿ. ಬಯಲಿನಲ್ಲಿ ಸರಾಗವಾಗಿ ಸಾಗುತ್ತಿರುವ ಗಾಡಿಗೆ ಊರಿನ ಹತ್ತಿರ ಒಮ್ಮೆಗೇ 40 ಎಂಬ ಫಲಕ ಎದುರಾಗುತ್ತದೆ. ನಡುವೆ 60 ಎಂಬ ಮೆಟ್ಟಿಲು ಇರುವುದಿಲ್ಲ. ಹಿಂದೆ ಮರಳು ತುಂಬಿದ ಟಿಪ್ಪರ್ ಬರುತ್ತಿರುವಾಗ ಫಲಕ ಕಂಡೊಡನೆ 40ಕ್ಕೆ ಇಳಿಸಲು ಹೋದರೆ ದಂಡಕ್ಕಿಂತ ದೊಡ್ಡದನ್ನು ತೆರಬೇಕಾಗುತ್ತದೆ. ಆ ಫಲಕದ ಬುಡದಲ್ಲಿಯೇ ಗನ್ ಹಿಡಿದು ನಿಂತರೆ, ಮಿತಿ ಪಾಲಿಸಲು ಸಿದ್ಧನಿರುವವನಿಗೂ ಪಾಲಿಸಲು ಜಾಗವೇ ಸಿಗುವುದಿಲ್ಲ.

ಇನ್ನೊಂದು ವಿಷಯವನ್ನು ಇಲ್ಲಿ ಯಾರೂ ಎತ್ತಲಿಲ್ಲ. ಮಿತಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೇಳುವ ಫಲಕ ನಮ್ಮ ರಸ್ತೆಗಳಲ್ಲಿ ಬಹಳ ಅಪರೂಪ. ಊರು ಮುಗಿದು, ಕೊನೆಯ ಮನೆ, ಗ್ಯಾರೇಜು, ಪೆಟ್ರೋಲ್ ಬಂಕ್ ಎಲ್ಲ ದಾಟಿ ಎರಡೂ ಬದಿಗೆ ಹೊಲ ಕಾಣಿಸಿದ ಮೇಲೆ ಯಾವ ಚಾಲಕನಾದರೂ ವೇಗ ಹೆಚ್ಚಿಸುತ್ತಾನೆ. ಅಲ್ಲಿ ಒಂದು ತಿರುವಿನಾಚೆ ನಿಂತು, 40ರ ಮಿತಿ ಇನ್ನೂ ಇದೆ ಎಂದು ಕೇಸ್ ಹಾಕುವುದನ್ನು ಕಂಡಿದ್ದೇನೆ. ಊರೊಳಗೆ, ಶಾಲೆಯ ಮುಂದೆ, ಸಂತೆಯ ದಿನ ಬಸ್ ನಿಲ್ದಾಣದ ಮುಂದೆ ನಿಂತು ಹಿಡಿದರೆ ನಾನು ತಲೆಬಾಗಿ ದಂಡ ಕಟ್ಟುತ್ತೇನೆ. ಮಿತಿ ಬೇಕಾಗಿರುವುದು ಅಲ್ಲಿ. ಊರು ದಾಟಿದ ಮೇಲೆ ಹೊಲದ ನಡುವೆ ಹಿಡಿಯುವುದು ಸಂಖ್ಯೆಗಾಗಿ ಮಾಡುವ ಕೆಲಸ ಎಂದೇ ನನ್ನ ನಂಬಿಕೆ. ನಮಗೆ ಒಂದು ದಂಡವೆಂದರೆ ಒಂದು ದಿನದ ದುಡಿಮೆ ಹೋದಂತೆ, ಇದನ್ನು ಓದುವವರು ಗಮನದಲ್ಲಿಡಬೇಕು.


ಕೊಲ್ಲಿತೀರ:

ನಾನು ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗ. ಬಯಲುಸೀಮೆಯವರು ಕೇಳಿದ ಗೆರೆಯನ್ನು ಈ ರಾಜ್ಯದ ಶಾಸನ ನಿಜಕ್ಕೂ ಎಳೆದಿದೆ. ಇಲ್ಲಿನ ವಾಹನ ಸಂಹಿತೆಯ 40802ನೆಯ ಕಲಂ ಸ್ಪೀಡ್ ಟ್ರ್ಯಾಪ್ ಎಂದರೇನೆಂದು ಹೇಳುತ್ತದೆ, 40801 ಅದನ್ನು ನಿಷೇಧಿಸುತ್ತದೆ, 40803 ಅದರಿಂದ ಪಡೆದ ಸಾಕ್ಷ್ಯವನ್ನು ನ್ಯಾಯಾಲಯ ಸ್ವೀಕರಿಸಬಾರದೆನ್ನುತ್ತದೆ.

ಆ ವ್ಯಾಖ್ಯಾನದಲ್ಲಿ ಎರಡು ಬಗೆಗಳಿವೆ. ಒಂದು, ರಸ್ತೆಯ ಒಂದು ಭಾಗವನ್ನು ಅಳೆದು, ಗುರುತು ಹಾಕಿ, ಆ ದೂರವನ್ನು ವಾಹನ ಎಷ್ಟು ಹೊತ್ತಿನಲ್ಲಿ ದಾಟಿತು ಎಂಬುದರಿಂದ ವೇಗ ಲೆಕ್ಕ ಹಾಕುವುದು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇನಲ್ಲಿ ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗ ಹಿಡಿಯುವ ಪದ್ಧತಿ ಈಚೆಗೆ ಬಂದಿದೆಯಲ್ಲ, ತತ್ವದಲ್ಲಿ ಅದೂ ಇದೇ. ಭಾರತದಲ್ಲಿ ಆಧುನಿಕ ಎನಿಸಿಕೊಂಡದ್ದನ್ನು ಇಲ್ಲಿನ ಹಳೆಯ ಶಾಸನ ಟ್ರ್ಯಾಪ್ ಎನ್ನುತ್ತದೆ. ಈ ಭಾಗದ ಬಗ್ಗೆ ನನಗೆ ಮೆಚ್ಚುಗೆಯಿಲ್ಲ. ಒಂದು ಕ್ಷಣದ ವೇಗಕ್ಕಿಂತ ಹತ್ತು ಕಿಲೋಮೀಟರಿನ ಸರಾಸರಿ ಹೆಚ್ಚು ನ್ಯಾಯವಾದ ಅಳತೆ ಎಂದು ನಾನು ತಿಳಿದಿದ್ದೇನೆ.

ಎರಡನೆಯ ಬಗೆ ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಎಂಜಿನಿಯರಿಂಗ್ ಮತ್ತು ಸಂಚಾರ ಸಮೀಕ್ಷೆಯ ಬೆಂಬಲವಿಲ್ಲದ ವೇಗಮಿತಿಯನ್ನು ರಾಡಾರ್ ಮುಂತಾದ ವಿದ್ಯುನ್ಮಾನ ಸಾಧನಗಳಿಂದ ಜಾರಿ ಮಾಡಿದರೆ ಅದು ಟ್ರ್ಯಾಪ್. ಸಮೀಕ್ಷೆ ಸಾಮಾನ್ಯವಾಗಿ 5 ವರ್ಷಗಳೊಳಗೆ ನಡೆದಿರಬೇಕು; ಅಧಿಕಾರಿಗೆ ತರಬೇತಿಯಾಗಿದ್ದು ಸಾಧನದ ಪರೀಕ್ಷೆ ಸಕಾಲದಲ್ಲಿ ನಡೆದಿದ್ದರೆ ಇನ್ನೂ ಹೆಚ್ಚು ಕಾಲ ಚಾಲ್ತಿಯಲ್ಲಿರುತ್ತದೆ. ಸಮೀಕ್ಷೆಯಲ್ಲಿ ಮುಖ್ಯವಾಗಿ ನೋಡುವುದು, ಅಡೆತಡೆಯಿಲ್ಲದೆ ಸಾಗುವ 100 ವಾಹನಗಳಲ್ಲಿ 85 ವಾಹನಗಳು ಯಾವ ವೇಗವನ್ನು ಮೀರುವುದಿಲ್ಲ ಎಂಬುದನ್ನು. ಬಹುಪಾಲು ಜನರು ಸಹಜವಾಗಿ ಓಡಿಸುವ ವೇಗಕ್ಕಿಂತ ಬಹಳ ಕೆಳಗೆ ಮಿತಿ ಇಟ್ಟಿದ್ದರೆ, ಆ ಪೌರಾಡಳಿತ ಅದಕ್ಕೆ ಕಾರಣ ತೋರಿಸಬೇಕು. ಶಾಲಾ ವಲಯಗಳಿಗೂ ಮನೆಗಳಿರುವ ಸಣ್ಣ ಬೀದಿಗಳಿಗೂ ಈ ಷರತ್ತಿಲ್ಲ, ಅದು ಸರಿಯೂ ಹೌದು.

ಗಮನಿಸಿ, ಇಷ್ಟು ವಿವರವಾದ ಶಾಸನದಲ್ಲಿಯೂ ಪೊಲೀಸರು ಪೊದೆಯ ಹಿಂದೆ ನಿಲ್ಲಬಾರದೆಂಬ ಮಾತಿಲ್ಲ. ಸಂಚಾರ ನಿಯಂತ್ರಣವೇ ಮುಖ್ಯ ಕೆಲಸವಾಗಿರುವ ಅಧಿಕಾರಿ ಸಮವಸ್ತ್ರದಲ್ಲಿರಬೇಕು, ಅವರ ವಾಹನಕ್ಕೆ ಪ್ರತ್ಯೇಕವಾಗಿ ಗುರುತಿಸಬಹುದಾದ ಬಣ್ಣವಿರಬೇಕು ಎಂದಷ್ಟೇ 40800 ಹೇಳುತ್ತದೆ. ವಕೀಲರು ಎಳೆದ ಗೆರೆಯೂ ಇಲ್ಲಿನ ಗೆರೆಯೂ ಬಹುಮಟ್ಟಿಗೆ ಒಂದೇ ಕಡೆ ಬೀಳುತ್ತವೆ.

ಹಣದ ಆಸೆಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ದೇಶದ ಇನ್ನೊಂದು ಮೂಲೆಯಲ್ಲಿ ಉದಾಹರಣೆ ಇದೆ. ಫ್ಲಾರಿಡಾದ ವಾಲ್ಡೋ ಎಂಬ ಪುಟ್ಟ ಊರಿನಲ್ಲಿ ಹೆದ್ದಾರಿಯ ವೇಗಮಿತಿ ಸ್ವಲ್ಪ ದೂರದಲ್ಲಿಯೇ ಆರು ಬಾರಿ ಬದಲಾಗುತ್ತಿತ್ತು. ದಂಡವೇ ಊರಿನ ಆದಾಯದ ದೊಡ್ಡ ಪಾಲಾಗಿತ್ತು. ಇಷ್ಟು ಚೀಟಿ ಹರಿಯಲೇಬೇಕೆಂಬ ಗುರಿ ವಿಧಿಸಿದ್ದಾರೆಂದು ಅಲ್ಲಿನ ಪೊಲೀಸರೇ ದೂರಿದ ಮೇಲೆ, 2014ರಲ್ಲಿ ಊರಿನ ಪರಿಷತ್ತು ತನ್ನ ಪೊಲೀಸ್ ವಿಭಾಗವನ್ನೇ ವಿಸರ್ಜಿಸಿತು. ಹಳದಿ ಬೋರ್ಡ್ ಅವರು ಹೇಳಿದ, ಊರಿನ ಅಂಚಿನಲ್ಲಿ ಒಮ್ಮೆಗೇ ಇಳಿಯುವ ಮಿತಿ ಇಂಥದ್ದರ ಮೊದಲ ಲಕ್ಷಣ.

ಇದಕ್ಕೆ ಪ್ರತಿಯಾಗಿ, ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 2025ರ ಮಾರ್ಚ್‌ನಲ್ಲಿ 33 ಕಡೆ ವೇಗದ ಕ್ಯಾಮೆರಾಗಳು ಬಂದಾಗ, ಆ 33 ಜಾಗಗಳನ್ನೂ ನಗರಾಡಳಿತ ಮೊದಲೇ ಪ್ರಕಟಿಸಿತು, ಆರಂಭದಲ್ಲಿ ದಂಡವಿಲ್ಲದೆ ಎಚ್ಚರಿಕೆ ಪತ್ರಗಳನ್ನು ಮಾತ್ರ ಕಳುಹಿಸಿತು. ಮಿತಿಗಿಂತ ಗಂಟೆಗೆ 11 ಮೈಲಿ ಹೆಚ್ಚಾದರೆ ಮಾತ್ರ ದಂಡ. ಜನರು ನಿಧಾನವಾಗಲಿ ಎಂಬುದೇ ಉದ್ದೇಶವಾದರೆ ಜಾಗವನ್ನು ಮುಚ್ಚಿಡಬೇಕಾಗಿಲ್ಲ ಎಂಬುದಕ್ಕೆ ನಿವೃತ್ತ ಸಂಚಾರಿಯವರು ಇದನ್ನೂ ಪರಿಗಣಿಸಬೇಕೆಂದು ಕೇಳಿಕೊಳ್ಳುತ್ತೇನೆ.


ಅಳತೆಗೋಲು:

ನಾನು ಅಳತೆ ಉಪಕರಣಗಳ ಎಂಜಿನಿಯರ್. ಸಾಧನದ ಬಗ್ಗೆ ಮಾತ್ರ ಹೇಳುತ್ತೇನೆ. ರಾಡಾರ್ ಗನ್ ರೇಡಿಯೋ ಅಲೆಗಳ ಆವರ್ತನದಲ್ಲಾಗುವ ಬದಲಾವಣೆಯಿಂದ ವೇಗ ಕಂಡುಹಿಡಿಯುತ್ತದೆ, ಅದರ ಕಿರಣ ಅಗಲವಾಗಿ ಹರಡುತ್ತದೆ. ಲೇಸರ್ ಗನ್ ಬೆಳಕಿನ ಮಿಡಿತಗಳು ಹೋಗಿ ಬರುವ ಸಮಯವನ್ನು ಅಳೆಯುತ್ತದೆ; 300 ಮೀಟರ್ ದೂರದಲ್ಲಿಯೂ ಅದರ ಕಿರಣದ ಅಗಲ ಸುಮಾರು ಒಂದು ಮೀಟರ್ ಮಾತ್ರ. ವಾಹನಗಳು ಅಕ್ಕಪಕ್ಕ ಬರುವಾಗ ರಾಡಾರ್ ಯಾವುದರ ವೇಗ ಹಿಡಿಯಿತೆಂಬ ಸಂದೇಹಕ್ಕೆ ಎಡೆಯಿದೆ, ಲೇಸರಿನಲ್ಲಿ ಅದು ಬಹಳ ಕಡಿಮೆ. ಹಾಗಾಗಿ ಲಾರಿಯ ಪಕ್ಕದಲ್ಲಿದ್ದಾಗ ತೆಗೆದ ಚಿತ್ರವಾಗಿದ್ದರೆ ಯಾವ ಬಗೆಯ ಸಾಧನ ಎಂದು ಕೇಳುವುದು ಸರಿಯಾದ ಪ್ರಶ್ನೆ.

ಬದಿಯಲ್ಲಿ ಓರೆಯಾಗಿ ನಿಂತು ಅಳೆದದ್ದು ತಪ್ಪು ಎಂಬ ವಾದವನ್ನು ಕೆಲವರು ಹೂಡುತ್ತಾರೆ. ಅದು ಚಾಲಕನಿಗೆ ನೆರವಾಗುವುದಿಲ್ಲ. ನಿಂತ ಜಾಗದಿಂದ ಓರೆಯಾಗಿ ಅಳೆದರೆ ಸಾಧನ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ: 10 ಡಿಗ್ರಿ ಓರೆಯಲ್ಲಿ 100 ಕಿ.ಮೀ. ವೇಗ 98.5 ಎಂದು, 20 ಡಿಗ್ರಿಯಲ್ಲಿ 94 ಎಂದು ಬರುತ್ತದೆ. ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ ಬೇರೆ ಇದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ನಿಯಮಗಳ ಪ್ರಕಾರ, 2025ರ ಜುಲೈ 1ರಿಂದ ರಾಡಾರ್ ವೇಗಮಾಪಕಗಳನ್ನು ಕಾನೂನು ಮಾಪನಶಾಸ್ತ್ರದ ಅಧಿಕಾರಿಗಳು ಪರಿಶೀಲಿಸಿ ಮುದ್ರೆ ಹಾಕಬೇಕು. ಅಂಗಡಿಯ ತಕ್ಕಡಿಗೆ ಮುದ್ರೆ ಇಲ್ಲದಿದ್ದರೆ ನಾವು ಹೇಗೆ ತೂಕ ಒಪ್ಪುವುದಿಲ್ಲವೋ ಇದೂ ಹಾಗೆಯೇ.


ಬಯಲುಸೀಮೆಯವರು:

ಎಲ್ಲರ ಉತ್ತರಗಳಿಗೂ ಕೃತಜ್ಞನಾಗಿದ್ದೇನೆ. ನಿವೃತ್ತ ಸಂಚಾರಿಯವರ ಲೆಕ್ಕವನ್ನು ಓದಿದ ಮೇಲೆ ಆ ಜಾಗದಲ್ಲಿ 80ರ ಮಿತಿ ಅಗತ್ಯವೆಂಬುದನ್ನು ಪೂರ್ತಿ ಒಪ್ಪುತ್ತೇನೆ, ಅಗತ್ಯವಾದ ಮಿತಿಯನ್ನು ಮರದ ಕೊಂಬೆಗೆ ಬಿಟ್ಟಿರುವುದೇ ನನಗೆ ಈಗ ಹೆಚ್ಚು ಕಳವಳದ ವಿಷಯವಾಗಿದೆ. ಕೊಂಬೆಯ ಬಗ್ಗೆ ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033ಕ್ಕೆ ದೂರು ಕೊಟ್ಟಿದ್ದೇನೆ. ದೂರು ಕೊಡುವ ಮೊದಲು ಎರಡೂ ಪಥಗಳಿಂದ ಆ ಫಲಕ ಹೇಗೆ ಕಾಣುತ್ತದೆ ಎಂಬುದರ ಚಿತ್ರಗಳನ್ನು ದಿನಾಂಕ ಸಮೇತ ತೆಗೆಸಿ ಇಟ್ಟುಕೊಂಡಿದ್ದೇನೆ. ನೋಟಿಸ್ ಹೊರಟಿರುವುದು 11ನೆಯ ದಿನ, ಆದ್ದರಿಂದ ಅವಧಿಯ ತಕರಾರು ಎತ್ತಲು ಬರುವುದಿಲ್ಲ. ಎಚ್ಚರಿಕೆ ಫಲಕ ಮತ್ತು ಅಧಿಸೂಚನೆ, ಈ ಎರಡನ್ನೇ ಹಿಡಿದುಕೊಂಡು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬೇಕೆಂದಿದ್ದೇನೆ. ವಕೀಲರು ದಯವಿಟ್ಟು ಅರ್ಜಿಯಲ್ಲಿ ಏನು ಕೇಳಬೇಕೆಂದು ತಿಳಿಸುವಿರಾ? ಅಷ್ಟರಲ್ಲಿ ದಂಡ ಕಟ್ಟಿಬಿಡುವುದೇ ಒಳ್ಳೆಯದೇ?


ತಾಲ್ಲೂಕು ವಕೀಲರು:

ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಅವಧಿ. ಅಡಗಿ ನಿಂತದ್ದು ಸರಿಯೇ ಎಂಬಂಥ ಅಭಿಪ್ರಾಯ ಕೇಳುವ ಪ್ರಶ್ನೆಗಳನ್ನು ಹಾಕಬೇಡಿ, ಅದಕ್ಕೆ ಉತ್ತರ ಕೊಡುವ ಹೊಣೆ ಅವರಿಗಿಲ್ಲ. ದಾಖಲೆಗಳ ದೃಢೀಕೃತ ಪ್ರತಿಗಳನ್ನೇ ಕೇಳಿ: ಆ ಜಾಗದಲ್ಲಿ 80ರ ಮಿತಿಯನ್ನು ಗೊತ್ತುಪಡಿಸಿದ ಅಧಿಸೂಚನೆ, ನೋಟಿಸಿನ ದಿನಾಂಕದಂದು ಬಳಸಿದ ಸಾಧನದ ಅನುಮೋದನೆ ಪತ್ರ, ಮತ್ತು ಆ ಭಾಗಕ್ಕಿಂತ ಮುಂಚೆ ಎಚ್ಚರಿಕೆ ಫಲಕ ಹಾಕಿದ್ದಕ್ಕೆ ಇರುವ ದಾಖಲೆ. ರಾಡಾರ್ ಸಾಧನವಾಗಿದ್ದರೆ ಮಾಪನಶಾಸ್ತ್ರ ಇಲಾಖೆಯ ಪರಿಶೀಲನಾ ಪತ್ರವನ್ನೂ ಸೇರಿಸಿ. ಫಲಕದ ನಿರ್ವಹಣೆಯ ದಾಖಲೆ ಹೆದ್ದಾರಿ ಪ್ರಾಧಿಕಾರದ ಬಳಿ ಇರುತ್ತದೆ, ಅದಕ್ಕೆ ಅವರಿಗೆ ಬೇರೆ ಅರ್ಜಿ ಬೇಕು. ಅದು ಕೇಂದ್ರದ ಸಂಸ್ಥೆಯಾದ್ದರಿಂದ ಅಲ್ಲಿಗೆ 150 ಪದಗಳ ಈ ನಿಯಮ ಅನ್ವಯಿಸುವುದಿಲ್ಲ.

ದಂಡದ ವಿಚಾರ. ಕಲಂ 200ರ ಪ್ರಕಾರ ದಂಡ ಕಟ್ಟುವುದೆಂದರೆ ಪ್ರಕರಣವನ್ನು ರಾಜಿಯಲ್ಲಿ ಮುಗಿಸಿಕೊಂಡಂತೆ, ಆಮೇಲೆ ಅದರ ಮೇಲೆ ಮುಂದಿನ ನಡವಳಿಗಳಿರುವುದಿಲ್ಲ, ನಿಮ್ಮ ವಾದವನ್ನು ಹೇಳಿಕೊಳ್ಳಲು ವೇದಿಕೆಯೂ ಉಳಿಯುವುದಿಲ್ಲ. ರಾಜಿಗೆ ಒಪ್ಪಲೇಬೇಕೆಂಬ ಕಟ್ಟುಪಾಡಿಲ್ಲ. ಒಪ್ಪದಿದ್ದರೆ ಪ್ರಕರಣ ಮ್ಯಾಜಿಸ್ಟ್ರೇಟ್ ಮುಂದೆ ಹೋಗುತ್ತದೆ. 1,000 ರೂಪಾಯಿಗಾಗಿ ನ್ಯಾಯಾಲಯಕ್ಕೆ ಓಡಾಡುವುದು ಬೇಡವೆನಿಸಿದರೆ ಕಟ್ಟಿಬಿಡಿ, ಅದರಲ್ಲಿ ಅವಮಾನವೇನೂ ಇಲ್ಲ. ಕಟ್ಟಿದ ಮೇಲೂ ಮಾಹಿತಿ ಹಕ್ಕಿನ ಅರ್ಜಿಗಳನ್ನು ಹಾಕಲು ಅಡ್ಡಿಯಿಲ್ಲ, ಅವನ್ನು ಬಿಡಬೇಡಿ. ಅಧಿಸೂಚನೆ ಇಲ್ಲವೆಂದೋ ಎಚ್ಚರಿಕೆ ಫಲಕ ಹಾಕಿಲ್ಲವೆಂದೋ ಉತ್ತರ ಬಂದರೆ, ಅದೇ ಜಾಗದಲ್ಲಿ ನೋಟಿಸ್ ಪಡೆದ ಇತರರಿಗೂ ಅದು ದಾಖಲೆಯಾಗುತ್ತದೆ. ಉತ್ತರ ಬಂದಾಗ ಅದರ ಪ್ರತಿಯನ್ನು, ನಿಮ್ಮ ಹೆಸರು ಮತ್ತು ಗಾಡಿಯ ನಂಬರ್ ತೆಗೆದು, ಇಲ್ಲಿ ಹಾಕಿ.